ಸಯಾಮಿನ ಸವಿಯೂಟ

ಬೀದಿಯಲ್ಲಿ ಪರಿಚಿತರೊಬ್ಬರು ಎದುರಾದರೆ ನಾವು ಕನ್ನಡಿಗರು ಮೊದಲು ಕೇಳುವ ಮಾತು “ಊಟವಾಯಿತೆ?” ಎಂಬುದು. ಉತ್ತರದ ನಿರೀಕ್ಷೆಯಿಂದ ಕೇಳುವ ಪ್ರಶ್ನೆ ಅದಲ್ಲ. ಆಗಲಿಲ್ಲವೆಂದು ಯಾರಾದರೂ ಹೇಳಿಬಿಟ್ಟರೆ ಕೇಳಿದವರಿಗೇ ಪೇಚು. ಥಾಯ್‌ಲೆಂಡಿನ ಜನರೂ ಇಂಥದೇ ಸಂದರ್ಭದಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತಾರೆ. “ಕಿನ್ ಖಾವ್ ರೂ ಯಾಂಗ್?” ಅಂದರೆ, “ಅನ್ನ ತಿಂದಿರಾ, ಇನ್ನೂ ಇಲ್ಲವೆ?” ಎಂದರ್ಥ. ಅವರ ನುಡಿಯಲ್ಲಿ ‘ಖಾವ್’ ಎಂದರೆ ಅನ್ನ. ತಟ್ಟೆಯಲ್ಲಿ ಬೇರೇನೇ ಇರಲಿ, ಊಟ ಮಾಡುವುದೆಂದರೆ ಅವರಿಗೆ ‘ಅನ್ನ ತಿನ್ನುವುದು’ ಎಂದೇ ಲೆಕ್ಕ.

ಇಷ್ಟು ಹತ್ತಿರದ ನೆಂಟಸ್ತನವಿದ್ದರೂ ನಮ್ಮವರು ಅಲ್ಲಿಗೆ ಹೋಗಿ ಬಂದು ಹೇಳುವ ಕಥೆ ಬೇರೆಯದೇ ಆಗಿರುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ಹಾದಿ. ಬೇಸಗೆ ರಜೆ ಬಂತೆಂದರೆ ಮಕ್ಕಳು ಮರಿಗಳೊಡನೆ ಹೊರಡುವ ಸಂಸಾರಗಳು ಎಷ್ಟೋ! ಪೆಟ್ಟಿಗೆಯ ಅರ್ಧ ಭಾಗ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜು. ಮರಳಿ ಬಂದ ಮೇಲೆ ಬುದ್ಧನ ಬಂಗಾರದ ವಿಗ್ರಹವನ್ನೂ ತೇಲುವ ಸಂತೆಯನ್ನೂ ಕೊಂಡಾಡಿದವರು, “ಊಟ ಹೇಗಿತ್ತು?” ಎಂದು ಕೇಳಿದೊಡನೆ ಮುಖ ಸಿಂಡರಿಸಿ, “ಸದ್ಯ, ಒಂದು ಪಂಜಾಬಿ ಹೋಟೆಲು ಸಿಕ್ಕಿತು, ಬದುಕಿಕೊಂಡೆವು” ಎನ್ನುತ್ತಾರೆ. ಜಗತ್ತಿನ ಅತ್ಯಂತ ರುಚಿಯಾದ ಅಡುಗೆಮನೆಗಳಲ್ಲೊಂದರ ಹೊಸ್ತಿಲವರೆಗೆ ಹೋಗಿ ಹೀಗೆ ಹಸಿದು ಬರುವುದು ಎಂಥ ನಷ್ಟ! ಈ ನಷ್ಟವನ್ನು ಸ್ವಲ್ಪವಾದರೂ ತಪ್ಪಿಸಬಹುದೆ ಎಂಬ ಆಸೆಯಿಂದ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಕರಾವಳಿಯವನು, ಮೀನಿಲ್ಲದ ಊಟವನ್ನು ಉಪವಾಸವೆಂದು ಎಣಿಸುವ ಮನೆಯಲ್ಲಿ ಬೆಳೆದವನು. ನನ್ನ ಶ್ರೀಮತಿಯ ತವರು ಮೈಸೂರು. ಮೊಟ್ಟೆಯನ್ನು ಮುಟ್ಟುವುದಿರಲಿ, ಅದರ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತದ ಮನೆ. ನಾವಿಬ್ಬರೂ ಹತ್ತು ದಿನ ಆ ನಾಡಿನಲ್ಲಿ ಒಂದೇ ಮೇಜಿನ ಮುಂದೆ ಕುಳಿತು ಉಂಡೆವು. ಆದ್ದರಿಂದ ಇಲ್ಲಿ ಹೇಳುವ ಮಾತಿನಲ್ಲಿ ಇಬ್ಬರ ನಾಲಿಗೆಯ ಸಾಕ್ಷ್ಯವೂ ಉಂಟು.

ಕನ್ನಡದ ಮೇಷ್ಟರಿಗೆ ಆ ನಾಡಿನಲ್ಲಿ ಕಾಲಿಟ್ಟ ಕ್ಷಣದಿಂದಲೇ ಕಿವಿಗೆ ಹಬ್ಬ. 2006ರಲ್ಲಿ ತೆರೆದ ವಿಮಾನನಿಲ್ದಾಣದ ಹೆಸರು ಸುವರ್ಣಭೂಮಿ. ಅವರು ಅದನ್ನು ‘ಸುವನ್ನಪೂಮ್’ ಎನ್ನುತ್ತಾರೆ. ಊಟದ ಅಂಗಡಿ ‘ರಾನ್ ಆಹಾನ್’. ಬರವಣಿಗೆಯಲ್ಲಿ ಅದು ‘ಆಹಾರ’ವೇ, ಪದದ ಕೊನೆಯ ರಕಾರ ಅವರ ಬಾಯಲ್ಲಿ ನಕಾರವಾಗುತ್ತದೆ. ರುಚಿಗೆ ‘ರೋತ್’, ಅದು ನಮ್ಮ ‘ರಸ’. ಘಮಘಮಿಸುವ ಅವರ ಅಕ್ಕಿಗೆ ‘ಹೋಮ್ ಮಲಿ’ ಎಂದು ಹೆಸರು. ಆ ‘ಮಲಿ’ ನಮ್ಮ ಮಲ್ಲಿಗೆಯ ಒಡಹುಟ್ಟು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಮೆಣಸಿನ ಕಥೆ. ಮೆಣಸಿನಕಾಯಿ ಏಷ್ಯ ಖಂಡದ್ದಲ್ಲವೆಂಬುದು ವಾಚಕರಿಗೆ ತಿಳಿದ ವಿಷಯವೇ. ಅದು ಅಮೆರಿಕದಿಂದ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು. ಅವರ ರಾಯಭಾರಿ ಸಯಾಮಿನ ಅಂದಿನ ರಾಜಧಾನಿಯಾದ ಅಯುತ್ಥಯಕ್ಕೆ ಬಂದದ್ದು 1511ರಲ್ಲಿ. ಅದಕ್ಕೆ ಮೊದಲು ಅಲ್ಲಿಯ ಖಾರವೆಲ್ಲ ಕಾಳುಮೆಣಸಿನದು. ಅದರ ಹೆಸರು ‘ಫ್ರಿಕ್’. ಹೊಸ ಕಾಯಿ ಬಂದು ಆ ಹೆಸರನ್ನೇ ಕಸಿದುಕೊಂಡಿತು. ಪಾಪ, ಹಳೆಯ ಮೆಣಸು ‘ಫ್ರಿಕ್ ಥಾಯ್’, ಎಂದರೆ ‘ನಮ್ಮ ನಾಡಿನ ಮೆಣಸು’ ಎಂಬ ವಿಶೇಷಣವನ್ನು ಹೊತ್ತು ಬದುಕಬೇಕಾಯಿತು. ನಮ್ಮಲ್ಲಿ ನಡೆದದ್ದೂ ಇದೇ ಅಲ್ಲವೆ? ನನ್ನ ಊರಿನಲ್ಲಿ ಬರಿಯ ‘ಮೆಣಸು’ ಎಂದರೆ ಕೆಂಪು ಮೆಣಸಿನಕಾಯಿ. ಕಾಳನ್ನು ‘ಒಳ್ಳೆ ಮೆಣಸು’ ಎಂದು ಬಿಡಿಸಿ ಹೇಳಬೇಕು. ಮದುವೆಯಾದ ಹೊಸತರಲ್ಲಿ ನನ್ನ ಶ್ರೀಮತಿ ಇದರಿಂದ ಪಟ್ಟ ಪಾಡು ಬೇರೊಂದು ಲೇಖನದ ವಸ್ತು.

ಅರೆಯುವ ಕಲ್ಲಿನ ಬಳಗ

ಥಾಯ್ ಅಡುಗೆ ಎಂದರೆ ಚೀನೀಯರ ಅಡುಗೆಯ ಒಂದು ಕವಲೆಂದು ಅನೇಕರು ತಿಳಿದಿದ್ದಾರೆ. ಬಾಣಲೆಯಲ್ಲಿ ಹುರಿಯುವ ವಿದ್ಯೆಯೂ ಶಾವಿಗೆಯೂ ಚೀನದಿಂದ ಬಂದದ್ದು ನಿಜ. ಆದರೆ ಆ ಅಡುಗೆಯ ಹೃದಯವಿರುವುದು ಒರಳಿನಲ್ಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲು, ಕೊತ್ತಂಬರಿಯ ಬೇರು, ಶುಂಠಿಯ ದಾಯಾದಿಯಾದ ‘ಖಾ’ ಎಂಬ ಗೆಡ್ಡೆ ಇವನ್ನೆಲ್ಲ ಕಲ್ಲೊರಳಿಗೆ ಹಾಕಿ ನುಣ್ಣಗೆ ಕುಟ್ಟುತ್ತಾರೆ. ಈ ‘ಖಾ’ ನಮಗೆ ಅಪರಿಚಿತವೇನಲ್ಲ; ಗ್ರಂಧಿಗೆ ಅಂಗಡಿಯಲ್ಲಿ ದುಂಪರಾಸ್ಮೆ ಎಂದು ಕೇಳಿದರೆ ಒಣಗಿಸಿದ್ದನ್ನು ಕೊಡುತ್ತಾರೆ. ನಾವು ಕೆಮ್ಮಿಗೆ ಕಷಾಯ ಮಾಡುವ ವಸ್ತುವನ್ನು ಅವರು ಹಸಿಯಾಗಿ ಸಾರಿಗೆ ಹಾಕುತ್ತಾರೆ.

ತೆಂಗಿನ ಹಾಲನ್ನು ಅವರೂ ನಮ್ಮಂತೆಯೇ ಎರಡು ಸಲ ಹಿಂಡುತ್ತಾರೆ. ಗಟ್ಟಿ ಹಾಲಿಗೆ ‘ತಲೆ’ ಎಂದೂ ತೆಳು ಹಾಲಿಗೆ ‘ಬಾಲ’ ಎಂದೂ ಹೆಸರು. ಬಾಣಲೆಯಲ್ಲಿ ಮೊದಲು ‘ತಲೆ’ಯನ್ನು ಕಾಯಿಸಿ, ಎಣ್ಣೆ ಬಿಟ್ಟುಕೊಳ್ಳುವವರೆಗೆ ಕುದಿಸಿ, ಅರೆದ ಮಸಾಲೆಯನ್ನು ಆ ಎಣ್ಣೆಯಲ್ಲೇ ಹುರಿದು, ಕೊನೆಗೆ ‘ಬಾಲ’ವನ್ನು ಸುರಿಯುವುದು ಕ್ರಮ. ಒಗ್ಗರಣೆಯ ಕೆಲಸವನ್ನೂ ತೆಂಗೇ ಮಾಡಿಬಿಡುತ್ತದೆ. ಹಸಿ ಮೆಣಸಿನಕಾಯಿಯಿಂದ ಮಾಡಿದರೆ ಅದು ‘ಕೆಂಗ್ ಖಿಯಾವ್ ವಾನ್’. ಈ ಹೆಸರನ್ನು ಪದಶಃ ಬಿಡಿಸಿದರೆ ‘ಹಸುರು ಸಿಹಿ ಸಾರು’ ಎಂದಾಗುವುದರಿಂದ ಸಿಹಿಯಿದ್ದೀತೆಂದು ನಂಬಿ ಮಕ್ಕಳಿಗೆ ಬಡಿಸೀರಿ, ಜೋಕೆ! ಅಲ್ಲಿ ‘ಸಿಹಿ’ ಎಂಬುದು ಬಣ್ಣದ ಮಾತು. ಎಳೆಯ, ಕೋಮಲವಾದ ಹಸುರು ಎಂದು ಅರ್ಥ. ಖಾರದಲ್ಲಿ ಇದು ಕೆಂಪು ಸಾರಿಗೇನೂ ಕಡಮೆಯಲ್ಲ.

ಒಣ ಸಾಂಬಾರಗಳ ಘಮಲಿನಲ್ಲಿ ನಮಗೆ ತೀರ ಸಮೀಪವಾದದ್ದು ‘ಮಸ್ಸಮನ್’. ‘ಮುಸಲ್ಮಾನ’ ಎಂಬ ಮಾತಿನಿಂದ ಬಂದ ಹೆಸರು. ಏಲಕ್ಕಿ, ಚಕ್ಕೆ, ಲವಂಗ, ಜೀರಿಗೆ, ಜಾಯಿಕಾಯಿ ಎಲ್ಲ ಇದರಲ್ಲುಂಟು. ಆಲೂಗಡ್ಡೆ, ಕಡಲೆಕಾಯಿ, ಹುಣಸೆಹಣ್ಣು ಕೂಡ. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮನೆಂಬ ಅರಸ ಯುವರಾಜನಾಗಿದ್ದಾಗ ರಚಿಸಿದ ದೋಣಿಯ ಹಾಡಿನಲ್ಲಿ ಈ ಸಾರನ್ನು ಹೊಗಳಿದ್ದಾನೆ. ಕಾವ್ಯದಲ್ಲಿ ಅಡುಗೆಯ ವರ್ಣನೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಸಿಂಹಾಸನವೇರುವವನೇ ಸಾರಿನ ಮೇಲೆ ಪದ್ಯ ಕಟ್ಟಿದ್ದು ವಿಶೇಷವಷ್ಟೆ.

ಇನ್ನು ‘ತೋಮ್ ಯಮ್ ಕುಂಗ್’. ಸಿಗಡಿ, ಅಣಬೆ, ಮಜ್ಜಿಗೆ ಹುಲ್ಲು, ಸುಕ್ಕು ಸಿಪ್ಪೆಯ ಒಂದು ಬಗೆಯ ನಿಂಬೆಯ ಎಲೆ, ಖಾ, ಜಜ್ಜಿದ ಮೆಣಸಿನಕಾಯಿ ಇವನ್ನು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದ ತಿಳಿಸಾರು. ಮೊದಲ ಗುಟುಕಿಗೆ ಮೂಗಿನಲ್ಲಿ ನೀರು, ಎರಡನೆಯದಕ್ಕೆ ಕಣ್ಣಿನಲ್ಲಿ ನೀರು, ಮೂರನೆಯದಕ್ಕೆ ಬಟ್ಟಲು ಬರಿದು. ಯುನೆಸ್ಕೊ ಸಂಸ್ಥೆ 2024ರ ಡಿಸೆಂಬರಿನಲ್ಲಿ ಇದನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾರಿನಲ್ಲಿ ತೇಲುವ ಹುಲ್ಲು, ಎಲೆ, ಗೆಡ್ಡೆಗಳನ್ನು ಅಗಿದು ತಿನ್ನಲು ಹೊರಡಬೇಡಿ. ಅವು ನಮ್ಮ ಕರಿಬೇವಿನಂತೆ ಪರಿಮಳ ಕೊಟ್ಟು ಪಕ್ಕಕ್ಕೆ ಸರಿಯುವಂಥವು.

ತುಳಸಿಯ ಎಲೆ ಮಾತ್ರ ಪಕ್ಕಕ್ಕೆ ಸರಿಯುವುದಿಲ್ಲ. ಹೌದು, ನಮ್ಮ ಅಂಗಳದ ಕಟ್ಟೆಯ ಮೇಲಿನ ಅದೇ ತುಳಸಿ! ಅಲ್ಲಿ ಅದರ ಹೆಸರು ‘ಕಫ್ರಾವ್’. ಹಿಡಿಹಿಡಿಯಾಗಿ ಎಲೆ ಕಿತ್ತು, ಬೆಳ್ಳುಳ್ಳಿ ಮೆಣಸಿನಕಾಯಿಯೊಡನೆ ಕೊಚ್ಚಿದ ಮಾಂಸಕ್ಕೆ ಬೆರೆಸಿ ಹುರಿದು, ಅನ್ನದ ಮೇಲೆ ಹಾಕಿ, ಅದರ ನೆತ್ತಿಯ ಮೇಲೊಂದು ಕರಿದ ಮೊಟ್ಟೆ ಇಡುತ್ತಾರೆ. ಕಚೇರಿಯ ಗುಮಾಸ್ತರಿಂದ ಆಟೋ ಚಾಲಕರವರೆಗೆ ಎಲ್ಲರಿಗೂ ಮಧ್ಯಾಹ್ನದ ಊಟ ಇದು. ನನ್ನ ಶ್ರೀಮತಿ ಇದನ್ನು ಕಂಡು ಕ್ಷಣಕಾಲ ಕಣ್ಣು ಮುಚ್ಚಿದ್ದುಂಟು. ಮರುದಿನ ಬರಿಯ ತೋಫು ಹಾಕಿ ಮಾಡಿಸಿಕೊಂಡು, “ಪರಿಮಳವೇನೋ ದೇವರಮನೆಯದೇ” ಎಂದು ಒಪ್ಪಿಕೊಂಡಳು.

ಸರಕಾರ ಬೆಳೆಸಿದ ತಿಂಡಿ

ಹೊರನಾಡಿನವರಿಗೆಲ್ಲ ಹೆಸರು ಗೊತ್ತಿರುವ ‘ಪ್ಯಾಡ್ ಥಾಯ್’ ಅಷ್ಟೇನೂ ಪುರಾತನವಲ್ಲ. 1938ರಲ್ಲಿ ಪ್ರಧಾನಿಯಾದ ಫಿಬುನ್ ಸೊಂಗ್‌ಖ್ರಾಮ್ ಎಂಬ ಸೇನಾನಿ, ಮರುವರ್ಷ ದೇಶದ ಸಯಾಮ್ ಎಂಬ ಹೆಸರನ್ನೇ ಬದಲಿಸಿ ಥಾಯ್‌ಲೆಂಡ್ ಎಂದು ಮಾಡಿದನು. ಉಡುಗೆ, ನಡೆ, ನುಡಿ ಎಲ್ಲದರಲ್ಲೂ ‘ಥಾಯ್‌ತನ’ವನ್ನು ತರಲು ಹೊರಟ ಆತನ ಸರಕಾರ ಜನರಿಗೆ ಅಕ್ಕಿಯ ಶಾವಿಗೆ ತಿನ್ನಿರೆಂದು ಉತ್ತೇಜನ ಕೊಟ್ಟಿತು. ಶಾವಿಗೆ ಚೀನೀಯರದು, ಬಾಣಲೆ ಚೀನೀಯರದು. ಹುಣಸೆಹುಳಿ, ತಾಳೆಬೆಲ್ಲ, ಒಣಸಿಗಡಿ, ಕಡಲೆಕಾಯಿ ಸೇರಿ ಹೆಸರು ಮಾತ್ರ ‘ಥಾಯ್’ ಆಯಿತು! ಬ್ಯಾಂಕಾಕಿನ ಮಹಾಚಾಯ್ ರಸ್ತೆಯಲ್ಲಿ 1966ರಿಂದ ನಡೆದು ಬಂದಿರುವ ‘ಥಿಪ್ ಸಮಾಯ್’ ಅಂಗಡಿ ಇದಕ್ಕೆ ಹೆಸರಾದದ್ದು. ಶಾವಿಗೆಯನ್ನು ಕಾಗದದಷ್ಟು ತೆಳುವಾದ ಮೊಟ್ಟೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಕೊಡುವುದು ಅವರ ಕೈಚಳಕ. ಸಂಜೆಯ ಸಾಲು ನಮ್ಮ ಹಬ್ಬದ ದಿನದ ದೇವಸ್ಥಾನದ ಸಾಲನ್ನು ನೆನಪಿಗೆ ತರುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಪ್ಯಾಡ್ ಥಾಯ್ ಒಳ್ಳೆಯ ತಿಂಡಿಯೇ ಹೊರತು ಆ ನಾಡಿನ ಅಡುಗೆಯ ಶಿಖರವಲ್ಲ. ಅದನ್ನೊಂದನ್ನೇ ತಿಂದು ಬರುವವರು ಮೈಸೂರಿಗೆ ಹೋಗಿ ಬ್ರೆಡ್ಡು ಜಾಮು ತಿಂದು ಬಂದವರಂತೆ.

ಅದೇ ಸಾಲಿನಲ್ಲಿ ಕೆಲವೇ ಬಾಗಿಲುಗಳಾಚೆ ‘ಜೇ ಫಾಯ್’ ಎಂಬ ಮುದುಕಿಯ ಅಂಗಡಿ. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿ, ಇದ್ದಿಲ ಒಲೆಯ ಮುಂದೆ ನಿಂತು ಏಡಿಯ ಆಮ್ಲೆಟ್ಟು ಕರಿಯುವ ಈಕೆಗೆ 2017ರ ಡಿಸೆಂಬರಿನಲ್ಲಿ, ಬ್ಯಾಂಕಾಕಿನ ಮೊತ್ತಮೊದಲ ಮಿಷೆಲಿನ್ ಕೈಪಿಡಿ ಹೊರಬಂದಾಗ, ಒಂದು ನಕ್ಷತ್ರ ದೊರೆಯಿತು. ಅಂದಿನಿಂದ ಬೆಲೆಯೂ ನಕ್ಷತ್ರಮಂಡಲಕ್ಕೇ ಏರಿದೆ. ದಕ್ಷಿಣ ಪ್ರಾಂತದ ಅಡುಗೆಯ ‘ಸೋರ್ನ್’ ಎಂಬ ಭೋಜನಶಾಲೆ 2024ರ ನವೆಂಬರಿನಲ್ಲಿ ಮೂರು ನಕ್ಷತ್ರ ಪಡೆಯಿತು. ಥಾಯ್ ಅಡುಗೆಗೆ ಲೋಕದಲ್ಲೇ ಆ ಗೌರವ ದೊರೆತದ್ದು ಅದೇ ಮೊದಲು. ಮೇಷ್ಟರ ಸಂಬಳದಲ್ಲಿ ಅಂಥ ಕಡೆ ಉಣ್ಣುವ ಯೋಗವಿಲ್ಲವಾದ್ದರಿಂದ ಅದರ ರುಚಿಯ ವಿಷಯ ಬರೆಯುವ ಅಧಿಕಾರ ನನಗಿಲ್ಲ.

ಮೀನಿನ ನೀರಿನ ಸಮಸ್ಯೆ

ಇನ್ನು ನಮ್ಮ ಶಾಕಾಹಾರಿ ವಾಚಕರು ಬಹುಹೊತ್ತಿನಿಂದ ಕಾಯುತ್ತಿರುವ ಪ್ರಶ್ನೆಗೆ ಬರೋಣ. ಥಾಯ್ ಅಡುಗೆಯಲ್ಲಿ ಉಪ್ಪಿನ ಸ್ಥಾನದಲ್ಲಿರುವುದು ‘ನಮ್ ಪ್ಲಾ’, ಎಂದರೆ ಮೀನಿನ ನೀರು. ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಕಳಿಯಿಸಿ ಬಸಿದ ಕಂದು ರಸ ಇದು. ಸಾರಿನ ಮಸಾಲೆಗಳಲ್ಲಿ ‘ಕಪಿ’ ಎಂಬ ಸಿಗಡಿಯ ಮುದ್ದೆ ಬೇರೆ. ತಟ್ಟೆಯಲ್ಲಿ ಬರಿಯ ತರಕಾರಿ ಕಂಡಿತೆಂದು ಸಮಾಧಾನಪಡುವಂತಿಲ್ಲ. ಅಲ್ಲಿನವರು ಮೋಸ ಮಾಡುತ್ತಾರೆಂದಲ್ಲ. ಮೀನಿನ ನೀರನ್ನು ಅವರು ಮೀನೆಂದು ಎಣಿಸುವುದೇ ಇಲ್ಲ, ಉಪ್ಪೆಂದು ಎಣಿಸುತ್ತಾರೆ. ಒಂದು ಊಟದ ಮನೆಯಲ್ಲಿ ‘ಶಾಕಾಹಾರ’ ಎಂಬ ತಲೆಬರಹದ ಕೆಳಗಿದ್ದ ಸೊಪ್ಪಿನ ಪಲ್ಯವನ್ನು ನನ್ನ ಶ್ರೀಮತಿ ಬಾಯಿಗಿಡುವ ಮೊದಲು ನಾನು ಚಪ್ಪರಿಸಿ ನೋಡಿದೆ. ಕರಾವಳಿಯ ನಾಲಿಗೆ ಸುಳ್ಳು ಹೇಳಲಿಲ್ಲ. ಆ ಪಲ್ಯ ನನ್ನ ಪಾಲಿಗೇ ಬಂತು.

ಇದಕ್ಕೆ ದಾರಿ ಒಂದುಂಟು. ಅದು ಒಂದೇ ಅಕ್ಷರದ ಮಾತು: ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ಚೀನೀ ಬೌದ್ಧರ ವ್ರತದಿಂದ ಬಂದ ಈ ಪದ್ಧತಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ನಮ್ಮ ಏಕಾದಶಿಯ ಅಜ್ಜಿಯರಿಗೂ ಒಪ್ಪಿಗೆಯಾದೀತು! ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಗೋ ಅಕ್ಟೋಬರಿನಲ್ಲೋ ಬರುವ ಒಂಬತ್ತು ದಿನಗಳ ‘ಕಿನ್ ಜೇ’ ಹಬ್ಬದಲ್ಲಿ ಬ್ಯಾಂಕಾಕಿನ ಚೀನೀಪೇಟೆಯಾದ ಯಾವರಾತ್ ರಸ್ತೆಯೂ ಫುಕೆಟ್ ಊರೂ ಈ ಹಳದಿ ಬಾವುಟಗಳಿಂದ ತುಂಬಿಹೋಗುತ್ತವೆ. ನಮ್ಮ ನವರಾತ್ರಿಯ ಆಸುಪಾಸಿನ ಕಾಲ ಅದು. ಶಾಕಾಹಾರಿಗಳು ಹೋಗಬೇಕಾದದ್ದು ಆಗಲೇ. ‘ಮಂಗ್‌ಸವಿರತ್’ ಎಂಬ ಇನ್ನೊಂದು ಪದವೂ ಉಂಟು. ನಮ್ಮ ‘ಮಾಂಸವಿರತಿ’ಯೇ ಅದು, ಆದರೆ ಅದರ ಹಿಡಿತ ಸಡಿಲ, ಮೊಟ್ಟೆಗೆ ಅವಕಾಶವಿರುತ್ತದೆ. ಶಾಂತಿ ಅಶೋಕ್ ಎಂಬ ಬೌದ್ಧಪಂಥದವರು ಮಾತ್ರ ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಾರೆ. 1985ರಿಂದ 1992ರವರೆಗೆ ಬ್ಯಾಂಕಾಕಿನ ರಾಜ್ಯಪಾಲರಾಗಿದ್ದ ಚಾಮ್ಲೋಂಗ್ ಶ್ರೀಮುವಾಂಗ್ ಈ ಪಂಥದ ಅನುಯಾಯಿಗಳು.

ಈ ‘ಜೇ’ ಎಂಬ ಅಕ್ಷರವನ್ನು ಚೀಟಿಯಲ್ಲಿ ಬರೆಸಿಕೊಂಡು ನಾವು ಒಂದು ಸಂಜೆ ಸೋಮ್ ತಮ್ ಮಾರುವ ಹೆಂಗಸಿನ ಗಾಡಿಯ ಮುಂದೆ ನಿಂತೆವು. ಸೋಮ್ ತಮ್ ಎಂದರೆ ಎಳೆಯ ಪಪ್ಪಾಯಿಕಾಯಿಯ ಕೋಸಂಬರಿ. ಈಶಾನ್ಯದ ‘ಈಸಾನ್’ ಸೀಮೆಯ ಬಡವರ ಊಟ ಇದು. ಪಪ್ಪಾಯಿ, ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿ ಹೀಗೆ ಅದರಲ್ಲಿರುವ ಹಲವು ವಸ್ತುಗಳು ಅಮೆರಿಕದಿಂದ ಬಂದ ಬೆಳೆಗಳೇ ಆದರೂ ಈಸಾನಿನವರಿಗೆ ತಾಯ ಹಾಲಿನಷ್ಟು ಸ್ವಂತ. ಒರಳಿನಲ್ಲಿ ‘ಪೊಕ್ ಪೊಕ್’ ಎಂದು ಕುಟ್ಟುವ ಸದ್ದಿನಿಂದಲೇ ಗಾಡಿಯನ್ನು ಗುರುತಿಸಬಹುದು. ಜೊತೆಗೆ ಬಿದಿರಬುಟ್ಟಿಯಲ್ಲಿ ಹಬೆಯಾಡುವ ಅಂಟಕ್ಕಿಯ ಅನ್ನ. ಅದನ್ನು ಕೈಯಲ್ಲೇ ಉಂಡೆ ಮಾಡಿ ಅದ್ದಿ ತಿನ್ನಬೇಕು. ರಾಗಿಮುದ್ದೆ ಮುರಿದ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆಕೆ ಚೀಟಿಯನ್ನು ಓದಿದಳು. ಮೀನಿನ ನೀರಿನ ಸೀಸೆಯನ್ನು ಪಕ್ಕಕ್ಕೆ ಸರಿಸಿದಳು. ಒರಳಿನೊಳಕ್ಕೆ ಒಮ್ಮೆ ಬಗ್ಗಿ ನೋಡಿ, ಒನಕೆಯನ್ನು ಕೆಳಗಿಟ್ಟು ತಲೆಯಾಡಿಸಿಬಿಟ್ಟಳು. ಪಕ್ಕದಲ್ಲಿ ತಿನ್ನುತ್ತಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ: ಈ ಮರದ ಒರಳಿಗೆ ವರ್ಷಗಳಿಂದ ಮೀನಿನ ರಸ ಹೀರಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ‘ಜೇ’ ಉಣ್ಣುವವರಿಗೆ ಇದರಲ್ಲಿ ಕುಟ್ಟಿ ಕೊಟ್ಟರೆ ತನಗೆ ಪಾಪ ಬರುತ್ತದೆ ಎನ್ನುತ್ತಿದ್ದಾಳೆ. ಅಷ್ಟೇ ಅಲ್ಲ, ಆಕೆ ಗಾಡಿಯನ್ನು ಅವನ ವಶಕ್ಕೊಪ್ಪಿಸಿ, ಎರಡು ಗಲ್ಲಿ ದಾಟಿ ಹಳದಿ ಬಾವುಟದ ಅಂಗಡಿಯವರೆಗೆ ನಮ್ಮೊಡನೆ ನಡೆದು ಬಂದು, ಅಲ್ಲಿಯವಳಿಗೆ ಏನೋ ಹೇಳಿ ಮರಳಿದಳು. ಅಂದಿನ ಸಂಜೆ ಆಕೆಗೆ ಎರಡು ಗಿರಾಕಿ ನಷ್ಟ. “ನಮ್ಮ ಅಜ್ಜಿಗಿದ್ದಷ್ಟೇ ಮಡಿ ಇದೆ ಕಣ್ರೀ ಈಕೆಗೆ” ಎಂದಳು ನನ್ನ ಶ್ರೀಮತಿ. ಹಳದಿ ಬಾವುಟದಡಿಯಲ್ಲಿ ಸೋಯಾ ರಸ ಹಾಕಿ ಕುಟ್ಟಿದ ಕೋಸಂಬರಿಯನ್ನು ಆಕೆ ಎರಡು ಸಲ ಹಾಕಿಸಿಕೊಂಡಳು.

ಇಂಥ ಗಾಡಿಗಳ ಬಾಳೇ ಈಗ ತೂಗುಯ್ಯಾಲೆಯಲ್ಲಿರುವುದು ನೋವಿನ ಸಂಗತಿ. 2014ರಿಂದೀಚೆಗೆ ನಗರಾಡಳಿತದವರು ಕಾಲುದಾರಿಗಳನ್ನು ತೆರವು ಮಾಡಿಸುತ್ತ ಬಂದರು. 2017ರಲ್ಲಿ ಬೀದಿಯ ಅಡುಗೆಯನ್ನೆಲ್ಲ ಎತ್ತಿಸುತ್ತಾರೆಂಬ ಸುದ್ದಿ ಹಬ್ಬಿ ಲೋಕವೆಲ್ಲ ಗದ್ದಲವಾದ ಮೇಲೆ, ಯಾವರಾತ್ ಮತ್ತು ಖಾವೊಸಾನ್ ರಸ್ತೆಗಳಿಗೆ ಕೈ ಹಚ್ಚುವುದಿಲ್ಲವೆಂದು ಸಮಾಧಾನ ಹೇಳಿದರು. ಪ್ರವಾಸಿಗರ ರಸ್ತೆಗಳು ಉಳಿದವು. ಕೂಲಿಯವರೂ ಕಚೇರಿಯವರೂ ಅಗ್ಗಕ್ಕೆ ಉಣ್ಣುತ್ತಿದ್ದ ಎಷ್ಟೋ ಮೂಲೆಗಳು ಬರಿದಾದವು. ಸುಖುಮ್ವಿತ್ ರಸ್ತೆಯ 38ನೆಯ ಗಲ್ಲಿ ರಾತ್ರಿಯೂಟಕ್ಕೆ ಪ್ರಖ್ಯಾತವಾಗಿತ್ತು. ಬಹುಮಹಡಿ ಮನೆಗಳಿಗೆಂದು ಜಾಗ ಮಾರಾಟವಾಗಿ ಗಾಡಿಗಳು ಚದುರಿಹೋದವು. ಕಾಲುದಾರಿಯಲ್ಲಿ ನಡೆಯುವವರಿಗೂ ಹಕ್ಕುಂಟು, ನಿಜ. ಆದರೆ ಒಂದು ಒರಳು, ಒಂದು ಒಲೆಯನ್ನು ನಂಬಿ ಈಸಾನಿನಿಂದ ಬಂದ ಹೆಂಗಸು ಎಲ್ಲಿಗೆ ಹೋಗಬೇಕು? ಮಲ್ಲೇಶ್ವರದ, ಗಾಂಧಿಬಜಾರಿನ ಕಾಲುದಾರಿಗಳನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ.

ಹಾಗಾದರೆ ಎಲ್ಲಿ ಉಣ್ಣಬೇಕು? ಬ್ಯಾಂಕಾಕಿನಲ್ಲಿ ನನ್ನ ಮೊದಲ ಆಯ್ಕೆ ಚತುಚಕ್ ಸಂತೆಯ ಎದುರಿಗಿರುವ ‘ಓ ತೋ ಕೋ’ ಮಾರುಕಟ್ಟೆ. ರೈತರ ಸರಕಿಗಾಗಿ ಸರಕಾರದ ಸಂಸ್ಥೆಯೊಂದು ನಡೆಸುವ ಈ ಮಾರುಕಟ್ಟೆ ಕನ್ನಡಿಯಂತೆ ಶುಭ್ರ. ಬಗೆಬಗೆಯ ಸಾರುಗಳನ್ನು ಕೊಳದಪ್ಪಲೆಗಳಲ್ಲಿ ತುಂಬಿ ಸಾಲಾಗಿ ಇಟ್ಟಿರುತ್ತಾರೆ. ನೋಡಿ, ಮೂಸಿ, ಬೆರಳು ತೋರಿಸಿ ಕೊಳ್ಳಬಹುದು. ಭಾಷೆಯ ಹಂಗಿಲ್ಲ. ಚೀನೀ ತಿಂಡಿಗೆ ರಾತ್ರಿ ಎಂಟರ ಮೇಲೆ ಯಾವರಾತ್. ಉತ್ತರದ ಚಿಯಾಂಗ್ ಮಾಯ್ ಊರಿಗೆ ಹೋದರೆ ‘ಖಾವ್ ಸೋಯ್’ ತಿನ್ನದೆ ಬರಕೂಡದು. ಯುನ್ನಾನ್ ಸೀಮೆಯಿಂದ ಹೇಸರಗತ್ತೆಗಳ ಮೇಲೆ ಸರಕು ತಂದ ಮುಸಲ್ಮಾನ ವರ್ತಕರು ತಂದರೆನ್ನುವ ಈ ತಿನಿಸಿನಲ್ಲಿ ತೆಂಗಿನ ಹಾಲಿನ ಸಾರಿನೊಳಗೆ ಮೆತ್ತನೆಯ ಶಾವಿಗೆ, ಮೇಲೆ ಗರಿಗರಿಯಾಗಿ ಕರಿದ ಶಾವಿಗೆ, ಪಕ್ಕದಲ್ಲಿ ಸಾಸಿವೆಸೊಪ್ಪಿನ ಉಪ್ಪಿನಕಾಯಿ. ಬಾನ್ ಹೋ ಮಸೀದಿಯ ಗಲ್ಲಿಯ ‘ಖಾವ್ ಸೋಯ್ ಇಸ್ಲಾಮ್’ನಲ್ಲಿ ನಾನು ಉಂಡದ್ದು ಇಡೀ ಪ್ರಯಾಣದ ಅತ್ಯುತ್ತಮ ಊಟ. ಆ ಊರಿನಲ್ಲಿ ಜೇ ಅಂಗಡಿಗಳಿಗೂ ಕೊರತೆಯಿಲ್ಲ. ತೋಫು ಹಾಕಿದ ಖಾವ್ ಸೋಯ್ ಕೂಡ ಸಿಗುತ್ತದೆ. ಒಟ್ಟಿನಲ್ಲಿ ನಾಲ್ಕು ಭಾಷೆಗಳಲ್ಲಿ ಚಿತ್ರಸಹಿತ ಪಟ್ಟಿ ಹಿಡಿದು ಬಾಗಿಲಲ್ಲಿ ಕೈ ಬೀಸಿ ಕರೆಯುವ ಕಡೆ ಹೋಗಬೇಡಿ. ಒಂದೇ ತಿನಿಸನ್ನು ಮಾಡುವ, ಊರಿನವರು ಸಾಲು ನಿಂತ ಅಂಗಡಿಯನ್ನು ಹುಡುಕಿರಿ. ಮೇಜಿನ ಮೇಲಿನ ನಾಲ್ಕು ಭರಣಿಗಳಲ್ಲಿ ಮೀನಿನ ನೀರು, ಮೆಣಸಿನಪುಡಿ, ಹುಳಿನೀರು, ಸಕ್ಕರೆ ಇರುತ್ತವೆ. ನಿಮ್ಮ ನಾಲಿಗೆಗೆ ತಕ್ಕಂತೆ ನೀವೇ ಹದ ಮಾಡಿಕೊಳ್ಳಬೇಕು. ಶಾವಿಗೆಯ ಸಾರಿಗೆ ಸಕ್ಕರೆಯೆ ಎಂದು ಬೆಚ್ಚಬೇಡಿ. ಸಾರಿಗೆ ಬೆಲ್ಲ ಹಾಕುವವರು ನಾವು.

ಸಿಹಿಯ ವಿಷಯದಲ್ಲಿ ಮಡಿ ಮೈಲಿಗೆಯ ಚಿಂತೆ ಬಹುಮಟ್ಟಿಗೆ ಇಲ್ಲ. ಬಂಗಾರದ ನೂಲಿನಂತಿರುವ ‘ಫೋಯ್ ಥೋಂಗ್’ನಂಥವನ್ನು ಬಿಡಬೇಕು. ಅದು ಮೊಟ್ಟೆಯ ಹಳದಿಯಿಂದ ಮಾಡಿದ್ದು. ಹದಿನೇಳನೆಯ ಶತಮಾನದಲ್ಲಿ ನಾರಾಯ್ ಎಂಬ ಅರಸನ ಆಸ್ಥಾನದಲ್ಲಿದ್ದ ಮರಿಯಾ ಗಿಯೊಮಾರ್ ಎಂಬಾಕೆ ಈ ಪೋರ್ತುಗೀಸ್ ಸಿಹಿಯನ್ನು ಬಳಕೆಗೆ ತಂದಳೆಂದು ಪ್ರತೀತಿ. ಉಳಿದಂತೆ ಅಕ್ಕಿಹಿಟ್ಟು, ತೆಂಗಿನಕಾಯಿ, ತಾಳೆಬೆಲ್ಲ, ಕೇದಗೆಯ ಬಳಗಕ್ಕೆ ಸೇರಿದ ಒಂದು ಎಲೆಯ ಪರಿಮಳ. ಗಣೇಶನ ಹಬ್ಬದ ಅಡುಗೆಮನೆಗೆ ಬಂದಂತಾಗುತ್ತದೆ. ಇವುಗಳ ಚಕ್ರವರ್ತಿ ‘ಖಾವ್ ನಿಯಾವ್ ಮಮುವಾಂಗ್’. ಅಂಟಕ್ಕಿಯ ಅನ್ನವನ್ನು ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿದ ತೆಂಗಿನ ಗಟ್ಟಿಹಾಲಿನಲ್ಲಿ ನೆನೆಯಿಸಿ, ಪಕ್ಕದಲ್ಲಿ ಹೋಳು ಮಾಡಿದ ಮಾವಿನಹಣ್ಣನ್ನಿಟ್ಟು ಕೊಡುತ್ತಾರೆ. ‘ನಮ್ ದೋಕ್ ಮಾಯ್’ ಎಂಬುದು ಅದಕ್ಕೆ ತಕ್ಕ ಮಾವು. ತಾನಾವೊ ರಸ್ತೆಯ ‘ಕೋ ಪಾನಿಚ್’ ಇದಕ್ಕೆ ಹಳೆಯ ಹೆಸರು. ನಮ್ಮಲ್ಲಿ ರಸಪುರಿ ಬರುವ ಏಪ್ರಿಲ್, ಮೇ ತಿಂಗಳುಗಳೇ ಅಲ್ಲಿಯೂ ಮಾವಿನ ಸುಗ್ಗಿ. ತಡವಾಗಿ ಹೋದವರಿಗೆ ಅಲ್ಲಿಯ ಹಲಸಿನ ಸೋದರನಂತೆ ಕಾಣುವ ದೂರಿಯನ್ ಹಣ್ಣು ಉಂಟು. ಅದನ್ನು ಬೀದಿಯಲ್ಲೇ ನಿಂತು ತಿಂದು ಮುಗಿಸಿ. ವಾಸನೆಯ ಭಯದಿಂದ ಅನೇಕ ಹೋಟೆಲುಗಳವರು ಅದನ್ನು ಒಳಗೆ ತರಕೂಡದೆಂದು ಬಾಗಿಲಲ್ಲೇ ಚಿತ್ರ ಬರೆದು ಅಂಟಿಸಿದ್ದಾರೆ.